ಎರೆ ನೆಲ ಕಲಿಸುವ ಪಾಠ: ನಿಸರ್ಗಾನುಸಾರಿ ಅಡಿಪಾಯ ಮತ್ತು ಬಂಡವಾಳದ ರಕ್ಷಣೆ

ವ್ಯಾಪಾರಿಯ ಆಸ್ತಿ-ಹೊಣೆ ಪಟ್ಟಿಯಲ್ಲಿ ಭೂಮಿಗೆ ಸವಕಳಿ ಇಲ್ಲ. ಯಂತ್ರ ಸವೆಯುತ್ತದೆ, ವಾಹನ ಸವೆಯುತ್ತದೆ, ಕಟ್ಟಡವೂ ಸವೆಯುತ್ತದೆ; ಭೂಮಿ ಮಾತ್ರ ಇದ್ದಂತೆಯೇ ಇರುತ್ತದೆ ಎಂಬುದು ಲೆಕ್ಕಶಾಸ್ತ್ರದ ಗ್ರಹಿಕೆ. ಆದರೆ ಗದಗ ಜಿಲ್ಲೆಯ ರೋಣ, ನರಗುಂದ ತಾಲ್ಲೂಕುಗಳ ಎರೆ ಭೂಮಿಯಲ್ಲಿ ಗೋದಾಮು, ಬೇಳೆ ಗಿರಣಿ, ಹತ್ತಿ ಜಿನ್ನಿಂಗ್ ಕಾರ್ಖಾನೆ ಅಥವಾ ಅಂಗಡಿ ಕಟ್ಟಿಸಿದವರಿಗೆ ಈ ಗ್ರಹಿಕೆ ಅರ್ಧಸತ್ಯವೆಂದು ಬಹುಬೇಗ ಮನವರಿಕೆಯಾಗುತ್ತದೆ. ಇಲ್ಲಿಯ ನೆಲ ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಅದು ತಾನು ಸವೆಯದಿದ್ದರೂ ತನ್ನ ಮೇಲಿನ ಕಟ್ಟಡವನ್ನು ಸವೆಸುತ್ತದೆ.

ರೋಣ ತಾಲ್ಲೂಕಿನ ಮೆಣಸಗಿ ಈ ವಿಷಯದ ಅಧ್ಯಯನಕ್ಕೆ ಸೂಕ್ತವಾದ ಸ್ಥಳ. ಶಿಗ್ಗಾವಿ ಸೀಮೆಯಲ್ಲಿ ಹುಟ್ಟಿ ಎರೆ ಬಯಲಿನ ನಡುವೆ ಈಶಾನ್ಯಕ್ಕೆ ಹರಿದುಬರುವ ಬೆಣ್ಣಿಹಳ್ಳವು ಮಲಪ್ರಭಾ ನದಿಯನ್ನು ಸೇರುವುದು ಮೆಣಸಗಿಯ ಸಮೀಪದಲ್ಲಿಯೇ. ಒಂದೆಡೆ ಬಿರಿಯುವ ಎರೆ ನೆಲ, ಮತ್ತೊಂದೆಡೆ ಕುಸಿಯುವ ನದೀದಂಡೆ, ಇವೆರಡರ ನಡುವೆ ಕಡಲೆ, ಜೋಳ, ಹೆಸರು, ಹತ್ತಿಗಳ ವ್ಯವಹಾರ. 2009 ಮತ್ತು 2019ರ ಪ್ರವಾಹಗಳಲ್ಲಿ ಮಲಪ್ರಭೆಯ ದಂಡೆಯ ಗ್ರಾಮಗಳು ಅನುಭವಿಸಿದ ನಷ್ಟ ವರ್ತಕರ ನೆನಪಿನಿಂದ ಇನ್ನೂ ಮಾಸಿಲ್ಲ.

ಇಂತಹ ನೆಲವನ್ನು ಹೆಚ್ಚು ಸಿಮೆಂಟು, ಹೆಚ್ಚು ಕಬ್ಬಿಣ ಹಾಕಿ ಅಡಗಿಸಬೇಕೆಂಬುದು ವಾಡಿಕೆಯ ಅಭಿಪ್ರಾಯ. ನೆಲದ ನಡತೆಯನ್ನೂ, ಅದರೊಳಗೆ ಬದುಕುವ ಬೇರು, ಗೆದ್ದಲು, ಸೂಕ್ಷ್ಮಜೀವಿಗಳ ಕೆಲಸವನ್ನೂ ಗಮನಿಸಿ ಅದೇ ದಾರಿಯಲ್ಲಿ ಪರಿಹಾರ ಹುಡುಕುವುದು ಎರಡನೆಯ ಮಾರ್ಗ. ಈ ಎರಡನೆಯ ಮಾರ್ಗದ ಒಂದು ಮಹತ್ವದ ಪ್ರಯೋಗ ನಡೆದಿರುವುದು ಮಲಪ್ರಭಾ ಯೋಜನೆಯ ಕಾಲುವೆಯಲ್ಲಿಯೇ ಎಂಬುದು ಈ ಭಾಗದ ಉದ್ಯಮಿಗಳಿಗೆ ವಿಶೇಷ ಆಸಕ್ತಿಯ ಸಂಗತಿ.

ಎರೆ ಮಣ್ಣಿನ ಸ್ವಭಾವ

ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿದೆ. ಅದರ ಕಣಗಳು ಅತಿ ತೆಳುವಾದ ಹಾಳೆಗಳಂತೆ ಒಂದರ ಮೇಲೊಂದು ಜೋಡಣೆಗೊಂಡಿರುತ್ತವೆ. ನೀರು ಈ ಹಾಳೆಗಳ ಸಂದಿಯನ್ನು ಪ್ರವೇಶಿಸಿ ಅವುಗಳನ್ನು ದೂರ ಸರಿಸುವುದರಿಂದ ಮಣ್ಣು ಉಬ್ಬುತ್ತದೆ. ನೀರು ಆವಿಯಾದಾಗ ಹಾಳೆಗಳು ಮತ್ತೆ ಹತ್ತಿರವಾಗಿ ನೆಲ ಬಿರಿಯುತ್ತದೆ. ಭಾರತದ ಎರೆ ನೆಲಗಳಲ್ಲಿ ಋತುಮಾನದ ಈ ತೇವದ ಏರಿಳಿತ ಸಾಮಾನ್ಯವಾಗಿ ಸುಮಾರು 3.5 ಮೀಟರ್ ಆಳದವರೆಗೆ ಇರುತ್ತದೆಂದು ತಜ್ಞರು ಪರಿಗಣಿಸುತ್ತಾರೆ.

ಇಲ್ಲಿ ಸಣ್ಣ ಉದ್ಯಮಿ ಅವಶ್ಯವಾಗಿ ತಿಳಿಯಬೇಕಾದ ಸಂಗತಿಯೊಂದಿದೆ. ತೀವ್ರವಾಗಿ ಉಬ್ಬುವ ಮಣ್ಣು ಮೇಲ್ಮುಖವಾಗಿ ಪ್ರತಿ ಚದರ ಮೀಟರಿಗೆ 300 ಕಿಲೋನ್ಯೂಟನ್, ಅಂದರೆ ಸುಮಾರು 30 ಟನ್‌ಗಳಷ್ಟು ಒತ್ತಡವನ್ನು ಹಾಕಬಲ್ಲದು. ಒಂದಂತಸ್ತಿನ ಗೋದಾಮಿನ ಗೋಡೆಯ ಭಾರ ಇದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಬಹುಮಹಡಿ ಕಟ್ಟಡಕ್ಕಿಂತ ಹಗುರವಾದ ಗೋದಾಮು, ಕಾಂಪೌಂಡು ಗೋಡೆ, ಒಕ್ಕಣೆಯ ಕಣ, ತೂಕದ ಕಟ್ಟೆಗಳೇ ಮೊದಲು ಬಿರುಕು ಬಿಡುತ್ತವೆ. 'ನಮ್ಮದು ಸಣ್ಣ ಕಟ್ಟಡ, ಇಷ್ಟಕ್ಕೆ ಮಣ್ಣು ಪರೀಕ್ಷೆ ಏಕೆ?' ಎಂಬ ಪ್ರಶ್ನೆ ಎರೆ ನೆಲದಲ್ಲಿ ತಲೆಕೆಳಗಾದುದು. ಸಣ್ಣ ಕಟ್ಟಡವಾದುದರಿಂದಲೇ ಪರೀಕ್ಷೆ ಅಗತ್ಯ.

ಇದಲ್ಲದೆ ಉಬ್ಬುವಿಕೆ ಎಲ್ಲೆಡೆ ಸಮನಾಗಿರುವುದಿಲ್ಲ. ಗೋದಾಮಿನ ನಡುಭಾಗದ ನೆಲ ಸೂರಿನ ಆಶ್ರಯದಲ್ಲಿ ಒಂದೇ ತೇವವನ್ನು ಕಾಯ್ದುಕೊಂಡರೆ, ಅಂಚಿನ ನೆಲ ಮಳೆಗೆ ನೆನೆದು ಬಿಸಿಲಿಗೆ ಒಣಗುತ್ತದೆ. ಈ ವ್ಯತ್ಯಾಸವೇ ಮೂಲೆಗಳಲ್ಲಿ ಓರೆ ಬಿರುಕುಗಳನ್ನು ಮೂಡಿಸುತ್ತದೆ. ಬಿರುಕಿನಿಂದ ತೇವ, ತೇವದಿಂದ ಬೂಷ್ಟು, ಬೂಷ್ಟಿನಿಂದ ದಾಸ್ತಾನಿನ ದರಕಡಿತ ಎಂಬ ಸರಪಳಿ ವರ್ತಕರಿಗೆ ಅಪರಿಚಿತವಲ್ಲ.

ಕಾಲುವೆಯಲ್ಲಿ ದೊರೆತ ಉತ್ತರ

ಎರೆ ನೆಲದಲ್ಲಿ ತೋಡಿದ ಕಾಲುವೆಗಳಿಗೆ ನೀರು ಬಿಟ್ಟೊಡನೆ ಕಾಂಕ್ರೀಟ್ ಹೊದಿಕೆ ಉಬ್ಬಿ ಒಡೆಯುತ್ತಿದ್ದುದು ನೀರಾವರಿ ಇಲಾಖೆಗಳಿಗೆ ದೊಡ್ಡ ತಲೆನೋವಾಗಿತ್ತು. ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಆರ್.ಕೆ. ಕಟ್ಟಿಯವರು ಈ ಸಮಸ್ಯೆಯನ್ನು ದೀರ್ಘಕಾಲ ಅಧ್ಯಯನ ಮಾಡಿದರು. ಎರೆ ಮಣ್ಣು ಸಂಪೂರ್ಣ ನೆನೆದಾಗಲೂ ಮೇಲಿನ ಸುಮಾರು ಒಂದು ಮೀಟರಿನಷ್ಟು ಪದರ ಮಾತ್ರ ಗಣನೀಯವಾಗಿ ಉಬ್ಬುತ್ತದೆ, ಅದರ ಕೆಳಗಿನ ಮಣ್ಣು ಅದೇ ಜಾತಿಯದಾದರೂ ಹೆಚ್ಚು ಉಬ್ಬುವುದಿಲ್ಲ ಎಂಬುದು ಅವರು ಗಮನಿಸಿದ ಮುಖ್ಯಾಂಶ. ಕೇವಲ ಮೇಲಿನ ಮಣ್ಣಿನ ಭಾರದಿಂದ ಇದನ್ನು ವಿವರಿಸಲಾಗದು. ನೆನೆದ ಮೇಲ್ಪದರದ ಜೇಡಿಕಣಗಳ ನಡುವೆ ನೀರಿನ ಮೂಲಕ ಉಂಟಾಗುವ ಅಂಟುಬಲವೇ ಕೆಳಪದರವನ್ನು ಹಿಡಿದಿಡುತ್ತದೆ ಎಂಬುದು ಅವರ ವಿವರಣೆ.

ಹಾಗಾದರೆ ಉಬ್ಬದಿದ್ದರೂ ಅಂಟುಗುಣವಿರುವ ಬೇರೊಂದು ಮಣ್ಣಿನಿಂದ ಅದೇ ಮೇಲ್ಪದರವನ್ನು ಕೃತಕವಾಗಿ ನಿರ್ಮಿಸಿದರೆ? ಹೀಗೆ ಹುಟ್ಟಿದುದೇ 'ಸಿ.ಎನ್.ಎಸ್. ಪದರ', ಅಂದರೆ ಅಂಟುಳ್ಳ, ಆದರೆ ಉಬ್ಬದ ಮಣ್ಣಿನ ಪದರ. ಈ ವಿಧಾನವನ್ನು ಅಳವಡಿಸಿದ ಯೋಜನೆಗಳಲ್ಲಿ ಮಲಪ್ರಭಾ ಬಲದಂಡೆ ಕಾಲುವೆಯೂ ಸೇರಿದೆ. ಮುಂದೆ ಇದು ಐ.ಎಸ್. 9451 ಎಂಬ ಭಾರತೀಯ ಮಾನಕದಲ್ಲಿ ಸ್ಥಾನ ಪಡೆಯಿತು. ನೆಲದ ವರ್ತನೆಯನ್ನೇ ಅನುಕರಿಸಿ ನೆಲದ ಸಮಸ್ಯೆಯನ್ನು ಬಗೆಹರಿಸಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಈ ಭಾಗದಲ್ಲಿ ಸಿಗುವುದು ದುರ್ಲಭ.

ಈ ಪದರಕ್ಕೆ ಸೂಕ್ತವಾದುದು ಜೇಡಿಯ ಅಂಶವುಳ್ಳ ಕೆಂಪು ಗರಸು. ಶುದ್ಧ ಮರಳು ಈ ಕೆಲಸಕ್ಕೆ ಬಾರದು, ಏಕೆಂದರೆ ಅದರಲ್ಲಿ ಅಂಟುಗುಣವಿಲ್ಲ. ಮೇಲಾಗಿ ಅದು ನೀರನ್ನು ಸಂಗ್ರಹಿಸಿ ಕೆಳಗಿನ ಎರೆಗೆ ಉಣಿಸುತ್ತದೆ. ಪದರದ ದಪ್ಪವು ಎರೆಯ ಉಬ್ಬುವ ಒತ್ತಡವನ್ನು ಅವಲಂಬಿಸಿದ್ದು, ತೀವ್ರ ಒತ್ತಡವಿದ್ದಲ್ಲಿ ಸುಮಾರು ಒಂದು ಮೀಟರ್ ಬೇಕಾಗುತ್ತದೆ. ಒಂದು ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು. ಸದಾ ತೇವವಾಗಿರುವ ಕಾಲುವೆಯಲ್ಲಿ ದೊರೆಯುವ ಪ್ರಯೋಜನ, ಪದೇ ಪದೇ ನೆನೆದು ಒಣಗುವ ಕಡೆಗಳಲ್ಲಿ ಕುಗ್ಗುತ್ತದೆಂದು ಆನಂತರದ ಪ್ರಯೋಗಗಳು ತೋರಿಸಿವೆ. ಆದ್ದರಿಂದ ಗೋದಾಮಿಗೆ ಈ ಪದರವನ್ನು ಬಳಸುವವರು ಕಟ್ಟಡದ ಸುತ್ತ ಅಗಲವಾದ ಕಾಂಕ್ರೀಟ್ ಪಟ್ಟಿ ಹಾಗೂ ಸರಿಯಾದ ಗಟಾರುಗಳನ್ನು ನಿರ್ಮಿಸಿ ತೇವದ ಏರಿಳಿತವನ್ನು ತಡೆಯಲೇಬೇಕು.

ಗಡ್ಡೆಯ ಆಕಾರದ ಬುಡ

ಭಾರ ಹೆಚ್ಚಿರುವ ಕಟ್ಟಡಗಳಿಗೆ ಮತ್ತು ಕಂಪಿಸುವ ಯಂತ್ರಗಳಿಗೆ ಇನ್ನೊಂದು ಉಪಾಯವಿದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಎರೆ ನೆಲಕ್ಕೆಂದೇ ಅಭಿವೃದ್ಧಿಪಡಿಸಿದ 'ಅಂಡರ್-ರೀಮ್ಡ್ ಪೈಲ್' ಎಂಬ ಕಂಬವು ಕೆಳತುದಿಯಲ್ಲಿ ಗಡ್ಡೆಯಂತೆ ಉಬ್ಬಿರುತ್ತದೆ. ಗಡ್ಡೆಯ ವ್ಯಾಸ ಸಾಮಾನ್ಯವಾಗಿ ಕಂಬದ ವ್ಯಾಸದ ಎರಡೂವರೆ ಪಟ್ಟು. ತೇವ ಬದಲಾಗದ ಆಳದಲ್ಲಿ ಈ ಗಡ್ಡೆ ಕುಳಿತಿರುವುದರಿಂದ ಮೇಲಿನ ಮಣ್ಣು ಎಷ್ಟೇ ಉಬ್ಬಿದರೂ ಕಂಬ ಕಿತ್ತುಬರುವುದಿಲ್ಲ. ಹೊಲದಲ್ಲಿ ಗಡ್ಡೆಯಿಲ್ಲದ ಎಳೆಯ ಕಳೆಯನ್ನು ಕೈಯಿಂದ ಕೀಳಬಹುದು, ಗಡ್ಡೆಯುಳ್ಳ ಕಳೆಯನ್ನು ಅಗೆಯದೆ ಕೀಳಲಾಗದು, ತತ್ವ ಇಷ್ಟೇ.

ವಿದೇಶಗಳಲ್ಲಿ ಇದೇ ವಿಚಾರ ಈಗ ಒಂದು ಪ್ರತ್ಯೇಕ ಶಾಸ್ತ್ರಶಾಖೆಯಾಗಿ ಬೆಳೆದಿದೆ. ಅಮೆರಿಕದ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ನಾಲ್ಕು ವಿಶ್ವವಿದ್ಯಾಲಯಗಳು ಸೇರಿ 2015ರಲ್ಲಿ ಜೈವಿಕ ಪ್ರೇರಣೆಯ ಭೂತಾಂತ್ರಿಕ ಸಂಶೋಧನಾ ಕೇಂದ್ರವೊಂದನ್ನು ಸ್ಥಾಪಿಸಿದವು. ಹಾವಿನ ಹೊಟ್ಟೆಯ ಪೊರೆಗಳು ಒಂದು ದಿಕ್ಕಿನಲ್ಲಿ ಜಾರಿ ಮತ್ತೊಂದು ದಿಕ್ಕಿನಲ್ಲಿ ಹಿಡಿಯುವಂತೆ, ನೆಲಕ್ಕೆ ಸುಲಭವಾಗಿ ಇಳಿದು ಎಳೆತವನ್ನು ಬಲವಾಗಿ ತಡೆಯುವ ಕಂಬದ ಮೇಲ್ಮೈಯನ್ನು ರೂಪಿಸುವುದು ಅಲ್ಲಿಯ ಪ್ರಯತ್ನಗಳಲ್ಲೊಂದು. ಎರೆಹುಳು ಹಿಗ್ಗಿ ಕುಗ್ಗುತ್ತ ಮುನ್ನಡೆಯುವ ಕ್ರಮವನ್ನು ಅನುಸರಿಸಿ ನೆಲ ಕೊರೆಯುವ ಸಾಧನಗಳ ಬಗೆಗೂ ಸಂಶೋಧನೆ ನಡೆದಿದೆ. ಇವು ಇನ್ನೂ ಮಾರುಕಟ್ಟೆಯ ಸಾಮಾನ್ಯ ಸರಕಾಗಿಲ್ಲ.

ಹುತ್ತದ ಪಾಠ

ಗೆದ್ದಲು ಮಳೆ-ಬಿಸಿಲುಗಳಿಗೆ ಜಗ್ಗದ ಹುತ್ತವನ್ನು ಅಲ್ಲಿಯದೇ ಮಣ್ಣಿನಿಂದ ಕಟ್ಟುತ್ತದೆ. ಹುತ್ತದ ಮಣ್ಣನ್ನು ಕಣಜ, ನೆಲ, ಗೋಡೆಗಳನ್ನು ಮೆತ್ತಲು ಬಳಸುವ ರೂಢಿ ನಾಡಿನಲ್ಲಿ ಹಿಂದಿನಿಂದಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಹುತ್ತದ ಮಣ್ಣನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವು ಎರಡು ಅಂಶಗಳನ್ನು ಬೇರ್ಪಡಿಸಿ ತೋರಿಸಿತು. ಹುತ್ತದ ಗಟ್ಟಿತನಕ್ಕೆ ಸರಿಯಾದ ಪ್ರಮಾಣದ ತೇವದಲ್ಲಿ ಮಣ್ಣನ್ನು ಹದಗೊಳಿಸುವುದೇ ಸಾಕು. ಆದರೆ ಮಳೆಗೆ ಕರಗದ ಬಾಳಿಕೆಗೆ ಗೆದ್ದಲಿನ ಸ್ರಾವದ ಅಂಟು ಅವಶ್ಯ.

ಕಟ್ಟಡ ಕಟ್ಟಿಸುವವರಿಗೆ ಇದರ ಅನ್ವಯ ನೇರವಾದುದು. ಗುತ್ತಿಗೆದಾರನು ಒಣ ಗರಸನ್ನು ಒಮ್ಮೆಲೇ ಮೂರಡಿ ಸುರಿದು, ಮೇಲೆ ನೀರು ಚಿಮುಕಿಸಿ, ಒಂದೆರಡು ಬಾರಿ ರೋಲರ್ ಓಡಿಸಿದರೆ ಅದು ಭರ್ತಿಯಷ್ಟೇ ಆಗುತ್ತದೆ, ಅಡಿಪಾಯವಾಗುವುದಿಲ್ಲ. ಗೆದ್ದಲಿನಂತೆ ತೆಳುವಾದ ಪದರಗಳಲ್ಲಿ, ಹದವಾದ ತೇವದಲ್ಲಿ ಕೆಲಸ ನಡೆಯಬೇಕು. 15ರಿಂದ 20 ಸೆಂ.ಮೀ. ದಪ್ಪದ ಪದರಗಳಲ್ಲಿ, ಪ್ರಯೋಗಾಲಯ ಸೂಚಿಸಿದ ತೇವಾಂಶದಲ್ಲಿ ದಮ್ಮಸ್ಸು ಮಾಡಿಸುವುದು ಸರಿಯಾದ ಕ್ರಮ. ತೇವದ ಹದ ತಪ್ಪಿದರೆ ಎಷ್ಟು ಹಣ ಸುರಿದರೂ ಬಲ ಬಾರದು.

ಬೇರು: ಮಿತ್ರನೂ ಹೌದು, ಶತ್ರುವೂ ಹೌದು

ಮೆಣಸಗಿಯಂತಹ ಸಂಗಮ ಪ್ರದೇಶದಲ್ಲಿ ದಂಡೆಯ ಕುಸಿತಕ್ಕೆ ವಿಶೇಷ ಕಾರಣವಿದೆ. ಪ್ರವಾಹದ ಸಮಯದಲ್ಲಿ ದಂಡೆಯ ಮಣ್ಣು ನೀರು ಹೀರಿ ಭಾರವಾಗುತ್ತದೆ. ನದಿಯ ಮಟ್ಟ ಬೇಗನೆ ಇಳಿದಾಗ ಹೊರಗಿನ ನೀರಿನ ಆಸರೆ ತಪ್ಪುತ್ತದೆ, ಒಳಗಿನ ನೀರು ಮಾತ್ರ ಉಳಿಯುತ್ತದೆ. ಆದ್ದರಿಂದ ಅನೇಕ ವೇಳೆ ದಂಡೆ ಜರಿಯುವುದು ಹೊಳೆ ಏರುವಾಗಲ್ಲ, ಇಳಿಯುವಾಗ. ನೀರು ಇಳಿಯಿತೆಂದು ದಂಡೆಯ ಸಮೀಪದ ಗೋದಾಮಿಗೆ ತಕ್ಷಣ ಲಾರಿ ನುಗ್ಗಿಸುವವರು ಇದನ್ನು ನೆನಪಿಡಬೇಕು.

ಇಳಿಜಾರು ಮತ್ತು ಒಡ್ಡುಗಳ ರಕ್ಷಣೆಗೆ ಲಾವಂಚ ಅಥವಾ ಮುಡಿವಾಳದ ಬೇರು ಉತ್ತಮ ಸಾಧನ. ಅದು ಅಡ್ಡಕ್ಕೆ ಹರಡದೆ ನೇರವಾಗಿ ಕೆಳಗಿಳಿದು ಸುಮಾರು 3 ಮೀಟರ್ ಆಳ ತಲುಪಬಲ್ಲದು. ಬೇರಿನ ಸರಾಸರಿ ಎಳೆತಬಲ 75 ಮೆಗಾಪ್ಯಾಸ್ಕಲ್ ಎಂದು ಅಳೆಯಲಾಗಿದ್ದು, ಇದು ಸಾಧಾರಣ ಉಕ್ಕಿನ ಸುಮಾರು ಆರನೆಯ ಒಂದು ಭಾಗ. ಗುಂಡ್ಲುಪೇಟೆ ಸೀಮೆಯ ರೈತರು ಇದನ್ನು ತಲೆಮಾರುಗಳಿಂದ ಹೊಲದ ಎಲ್ಲೆಗೆ ನೆಡುತ್ತಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಜಲಾನಯನ ಯೋಜನೆಗಳು ಲಾವಂಚದ ಸಾಲುಗಳನ್ನು ಪ್ರಚುರಪಡಿಸಿದ ಮೇಲೆ ಈ ಪದ್ಧತಿ ಅನೇಕ ದೇಶಗಳಿಗೆ ಹರಡಿತು. ಕಾರ್ಖಾನೆಯ ಆವರಣದ ಭರ್ತಿ ಇಳಿಜಾರು, ಕೃಷಿಹೊಂಡದ ಅಂಚು, ಗಟಾರಿನ ಪಕ್ಕಗಳಿಗೆ ಇದು ಸಾಕು. ರಭಸದ ಹರಿವಿರುವ ನದೀದಂಡೆಗೆ ಮಾತ್ರ ಕಲ್ಲಿನ ಹೊದಿಕೆಯ ಜೊತೆ ಸೇರಿಸಬೇಕೇ ಹೊರತು ಅದೊಂದನ್ನೇ ನಂಬುವಂತಿಲ್ಲ.

ಆದರೆ ಎಲ್ಲ ಬೇರುಗಳೂ ಹಿತವಲ್ಲ. ಗೋಡೆಗೆ ಹತ್ತಿರದ ದೊಡ್ಡ ಮರವು ಬೇಸಿಗೆಯಲ್ಲಿ ಎರೆಯ ತೇವವನ್ನು ಹೀರಿ ಅಡಿಪಾಯದ ಒಂದು ಬದಿಯನ್ನು ಮಾತ್ರ ಕುಗ್ಗಿಸುತ್ತದೆ. ಮರದ ಪೂರ್ಣ ಎತ್ತರದಷ್ಟಾದರೂ ಅಂತರ ಬಿಟ್ಟು ನೆಡುವುದು ಕ್ಷೇಮ.

ಸೂಕ್ಷ್ಮಜೀವಿಯ ಸಿಮೆಂಟು

ಕೆಲವು ಬ್ಯಾಕ್ಟೀರಿಯಾಗಳು ಯೂರಿಯಾವನ್ನು ವಿಭಜಿಸಿ, ಕ್ಯಾಲ್ಸಿಯಂ ಲಭ್ಯವಿದ್ದಲ್ಲಿ ಸುಣ್ಣಕಲ್ಲಿನಂತಹ ಹರಳುಗಳನ್ನು ಉಂಟುಮಾಡಿ ಮರಳಿನ ಕಣಗಳನ್ನು ಬೆಸೆಯುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೋ ಸಂಶೋಧಕರು 2020ರಲ್ಲಿ ಚಂದ್ರನ ಮಣ್ಣನ್ನು ಹೋಲುವ ಪುಡಿಯಿಂದ ಇದೇ ಕ್ರಮದಲ್ಲಿ ಇಟ್ಟಿಗೆ ತಯಾರಿಸಿದರು; ಅದಕ್ಕೆ ಬಲ ಕೊಡಲು ಚವಳಿ ಜಾತಿಯ ಬೀಜದ ಗೋಂದು, ಅಂದರೆ ಗ್ವಾರ್ ಗಮ್ ಬಳಸಿದರು.

ಈ ವಿಧಾನ ಮರಳು ನೆಲಕ್ಕೆ ಒಗ್ಗುವಷ್ಟು ಎರೆ ನೆಲಕ್ಕೆ ಒಗ್ಗುವುದಿಲ್ಲ. ಎರೆಯ ರಂಧ್ರಗಳು ಬ್ಯಾಕ್ಟೀರಿಯಾ ಸಾಗಲಾಗದಷ್ಟು ಸೂಕ್ಷ್ಮ. ಪ್ರಕ್ರಿಯೆಯಲ್ಲಿ ಉಳಿಯುವ ಅಮೋನಿಯಾ ಸಂಯುಕ್ತಗಳ ವಿಲೇವಾರಿಯೂ ಆಗಬೇಕು. ಆದುದರಿಂದ 'ಜೈವಿಕ ಪುಡಿ ಬೆರೆಸಿದರೆ ಎರೆ ಕಲ್ಲಾಗುತ್ತದೆ' ಎಂಬ ಮಾರಾಟದ ಮಾತನ್ನು ಪರೀಕ್ಷಾ ವರದಿಯಿಲ್ಲದೆ ಒಪ್ಪಲಾಗದು. ಸುಣ್ಣ ಬೆರೆಸಿ ಎರೆಯನ್ನು ಹದಗೊಳಿಸುವ ಹಳೆಯ ವಿಧಾನ ಇಂದಿಗೂ ನಂಬಲರ್ಹ. ಆದರೆ ಮಣ್ಣಿನಲ್ಲಿ ಸಲ್ಫೇಟ್ ಅಧಿಕವಾಗಿದ್ದರೆ ಸುಣ್ಣವೇ ಹೊಸ ಉಬ್ಬರಕ್ಕೆ ಕಾರಣವಾಗಬಹುದು. ಅಲ್ಲಿಯೂ ಪರೀಕ್ಷೆಯೇ ಮೊದಲು.

ಲೆಕ್ಕಪತ್ರದ ದೃಷ್ಟಿ

40 ಅಡಿ ಅಗಲ, 60 ಅಡಿ ಉದ್ದದ, ಅಂದರೆ ಸುಮಾರು 12 × 18 ಮೀಟರಿನ ಒಂದು ಗೋದಾಮನ್ನು ಉದಾಹರಣೆಯಾಗಿ ಪರಿಗಣಿಸಬಹುದು. ಸುತ್ತಲೂ ಒಂದೂವರೆ ಮೀಟರ್ ಹೆಚ್ಚಿಗೆ ಸೇರಿಸಿ ಒಂದು ಮೀಟರ್ ದಪ್ಪದ ಗರಸಿನ ಪದರ ಹಾಕಿದರೆ 15 × 21 × 1 = 315 ಘನಮೀಟರ್ ಆಗುತ್ತದೆ. ದಮ್ಮಸ್ಸಿನಲ್ಲಿ ಕುಗ್ಗುವುದಕ್ಕೆ ನಾಲ್ಕನೆಯ ಒಂದು ಭಾಗ ಸೇರಿಸಿದರೆ ಸುಮಾರು 394 ಘನಮೀಟರ್, ಅಂದರೆ ಸುಮಾರು 140 ಬ್ರಾಸ್ ಗರಸು ಬೇಕು.

ಲೆಕ್ಕದ ಅನುಕೂಲಕ್ಕಾಗಿ ಅಗೆತ, ಸಾಗಣೆ, ದಮ್ಮಸ್ಸು ಸೇರಿ ಇದಕ್ಕೆ 3 ಲಕ್ಷ ರೂಪಾಯಿ ತಗಲುವುದೆಂದೂ, ಬ್ಯಾಂಕಿನ ಬಡ್ಡಿ ಶೇ. 11 ಎಂದೂ, ಕಟ್ಟಡದ ಬಾಳಿಕೆ 20 ವರ್ಷವೆಂದೂ ಭಾವಿಸೋಣ. ಅಸಲು-ಬಡ್ಡಿ ಸೇರಿ ವಾರ್ಷಿಕ ಹೊರೆ ಸುಮಾರು 37,700 ರೂಪಾಯಿ. ಪ್ರತಿವರ್ಷದ ಬಿರುಕು ದುರಸ್ತಿ, ನೆಲಹಾಸಿನ ಮರುಗೆಲಸ, ತೇವದಿಂದಾಗುವ ದಾಸ್ತಾನು ನಷ್ಟ, ಯಂತ್ರದ ಮಟ್ಟ ತಪ್ಪಿ ನಿಂತ ದಿನಗಳ ನಷ್ಟ ಇವೆಲ್ಲದರ ಸರಾಸರಿ ಈ ಮೊತ್ತವನ್ನು ಮೀರುವುದಾದರೆ ನೆಲಕ್ಕೆ ವೆಚ್ಚ ಮಾಡುವುದೇ ಲಾಭ. ಪ್ರತಿಯೊಬ್ಬರೂ ತಮ್ಮ ಊರಿನ ದರಗಳನ್ನು ಹಾಕಿ ಈ ಲೆಕ್ಕವನ್ನು ಮಾಡಿ ನೋಡಬೇಕು.

ಇದಕ್ಕೆ ಸಂಬಂಧಿಸಿದ ನಾಲ್ಕು ಅಂಶಗಳು ಗಮನಾರ್ಹ:

1. ಬಂಡವಾಳ ವೆಚ್ಚ: ಲೆಕ್ಕಪತ್ರ ಮಾನಕ 10ರಂತೆ ಕಟ್ಟಡಕ್ಕೆ ನೇರವಾಗಿ ಸಂಬಂಧಿಸಿದ ಸ್ಥಳ ಸಿದ್ಧತೆಯ ವೆಚ್ಚವನ್ನು ಕಟ್ಟಡದ ಬೆಲೆಗೆ ಸೇರಿಸಿ ಸವಕಳಿ ಪಡೆಯಬಹುದು. ಇಡೀ ನಿವೇಶನವನ್ನು ಸಮತಟ್ಟು ಮಾಡಿದ ವೆಚ್ಚ ಭೂಮಿಯ ಬೆಲೆಗೆ ಸೇರಿದರೆ ಸವಕಳಿ ದೊರೆಯದು. ಎರಡಕ್ಕೂ ಪ್ರತ್ಯೇಕ ಬಿಲ್ಲು ಪಡೆಯುವುದು ಜಾಣತನ.

2. ದುರಸ್ತಿ ವೆಚ್ಚ: ದುರಸ್ತಿ ಖರ್ಚನ್ನು ಅದೇ ವರ್ಷದ ಆದಾಯದಲ್ಲಿ ಕಳೆಯಬಹುದೆಂಬ ಕಾರಣಕ್ಕೆ ಕೆಲವರು ಅದನ್ನೇ ಮೇಲೆಂದು ಭಾವಿಸುತ್ತಾರೆ. ರೂಪಾಯಿಗೆ 30 ಪೈಸೆ ತೆರಿಗೆ ಉಳಿದರೂ 70 ಪೈಸೆ ಕಿಸೆಯಿಂದಲೇ ಹೋಗುತ್ತದೆಂಬುದನ್ನು ಮರೆಯಬಾರದು.

3. ಜಿ.ಎಸ್.ಟಿ.: ಸ್ವಂತ ಕಟ್ಟಡದ ನಿರ್ಮಾಣಕ್ಕೆ ತೆತ್ತ ತೆರಿಗೆಯ ಹೂಡುವಳಿ ಜಮೆ ಸಾಮಾನ್ಯವಾಗಿ ದೊರೆಯದು. ಯಂತ್ರದ ಅಡಿಪಾಯ ಮತ್ತು ಆಧಾರ ರಚನೆಗಳು ಮಾತ್ರ 'ಸ್ಥಾವರ ಮತ್ತು ಯಂತ್ರೋಪಕರಣ'ದ ವ್ಯಾಖ್ಯೆಗೆ ಒಳಪಡುತ್ತವೆ. ಗಿರಣಿಯ ಯಂತ್ರದ ಕಟ್ಟೆಗೂ ಗೋಡೆಗೂ ಒಂದೇ ಬಿಲ್ಲು ಮಾಡಿಸಿದವರು ನ್ಯಾಯವಾಗಿ ಸಿಗಬೇಕಾದ ಜಮೆಯನ್ನೂ ಕಳೆದುಕೊಳ್ಳುವ ಸಂಭವವಿದೆ.

4. ವಿಮೆ: 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ (5 ಕೋಟಿ ರೂಪಾಯಿಯವರೆಗೆ) ಮತ್ತು ಭಾರತ್ ಲಘು ಉದ್ಯಮ ಸುರಕ್ಷಾ (5ರಿಂದ 50 ಕೋಟಿ ರೂಪಾಯಿಯವರೆಗೆ) ಪಾಲಿಸಿಗಳು ಪ್ರವಾಹ ಹಾಗೂ ಭೂಕುಸಿತಗಳಿಗೆ ರಕ್ಷಣೆ ನೀಡುತ್ತವೆ. ಆದರೆ ನೆಲ ಕುಸಿತದ ವಿಭಾಗದಲ್ಲಿ ಹೊಸ ಕಟ್ಟಡದ ಸಹಜ ಬಿರುಕು ಮತ್ತು ಕುಳಿತ, ಭರ್ತಿ ಮಾಡಿದ ನೆಲದ ಚಲನೆ, ನದಿಯ ಕೊರೆತ, ದೋಷಯುಕ್ತ ವಿನ್ಯಾಸ ಅಥವಾ ಕಾಮಗಾರಿ ಇವುಗಳನ್ನು ಹೊರಗಿಡಲಾಗಿದೆ. ಎರೆ ನೆಲದ ಬಹುಪಾಲು ಹಾನಿ ಈ ಹೊರಗಿಟ್ಟ ಪಟ್ಟಿಯಲ್ಲಿಯೇ ಬರುತ್ತದೆ. ಅಂದರೆ ವಿಮಾ ಕಂಪನಿ ಹೊರದ ಅಪಾಯವನ್ನು ಅಡಿಪಾಯವೇ ಹೊರಬೇಕು.

ಕಟ್ಟಡಕ್ಕೆ ಮುನ್ನ

ಕೆಲಸ ಆರಂಭಿಸುವ ಮೊದಲು ಉದ್ಯಮಿಯು ಖಚಿತಪಡಿಸಿಕೊಳ್ಳಬೇಕಾದ ಅಂಶಗಳು ಇವು:

— ನಿವೇಶನ ಖರೀದಿಗೆ ಮುಂಚೆಯೇ ಎರೆಯ ಆಳ, ಉಬ್ಬುವ ಒತ್ತಡ, ಸಲ್ಫೇಟ್ ಪ್ರಮಾಣಗಳನ್ನು ಪರೀಕ್ಷಿಸುವುದು. ನೆಲದ ನಿಜವಾದ ಬೆಲೆ ಕ್ರಯದ ಹಣ ಮತ್ತು ಅಡಿಪಾಯದ ಹೆಚ್ಚುವರಿ ವೆಚ್ಚ ಎರಡೂ ಸೇರಿದ್ದು.

— ಹೊಳೆದಂಡೆಯ ನಿವೇಶನವಾದರೆ 2009 ಮತ್ತು 2019ರಲ್ಲಿ ನೀರು ಏರಿದ ಮಟ್ಟವನ್ನು ಊರಿನ ಹಿರಿಯರಿಂದಲೂ ದಾಖಲೆಗಳಿಂದಲೂ ತಿಳಿಯುವುದು.

— ಗರಸು ಉಪಖನಿಜವಾದುದರಿಂದ ರಾಜಧನ ಪಾವತಿಯ ಪರವಾನಗಿ ಚೀಟಿಗಳನ್ನು ಪ್ರತಿ ಲೋಡಿನೊಂದಿಗೆ ಪಡೆದು ಕಡತದಲ್ಲಿಡುವುದು.

— ಪ್ರತಿ ಪದರದ ದಮ್ಮಸ್ಸಿನ ಪರೀಕ್ಷಾ ವರದಿ ಬಂದ ನಂತರವೇ ಗುತ್ತಿಗೆದಾರನಿಗೆ ಹಣ ಬಿಡುಗಡೆ ಮಾಡುವುದೆಂದು ಕರಾರಿನಲ್ಲಿ ಬರೆಯಿಸುವುದು.

— ಸೂರಿನ ನೀರು, ಕೈತೊಳೆಯುವ ನೀರು, ನೀರಿನ ತೊಟ್ಟಿಯ ಸೋರಿಕೆ ಇವು ಅಡಿಪಾಯದ ಬಳಿ ಇಂಗದಂತೆ ದೂರ ಸಾಗಿಸುವುದು. ಇದು ಅತಿ ಕಡಿಮೆ ವೆಚ್ಚದ, ಅತಿ ಹೆಚ್ಚು ಫಲದ ಕ್ರಮ.

ಎರೆ ಭೂಮಿಯನ್ನು ಕೆಟ್ಟ ನೆಲವೆಂದು ಹಳಿಯುವುದು ಉಚಿತವಲ್ಲ. ಮುಂಗಾರಿನ ನೀರನ್ನು ಹಿಡಿದಿಟ್ಟು ಹಿಂಗಾರಿಯ ಕಡಲೆ, ಜೋಳಗಳನ್ನು ಬೆಳೆಸುವುದು ಇದೇ ಗುಣ. ಈ ಭಾಗದ ವ್ಯಾಪಾರ ನಿಂತಿರುವುದೂ ಇದೇ ಗುಣದ ಮೇಲೆ. ಬೆಳೆಗೆ ವರವಾದುದು ಗೋಡೆಗೆ ಶಾಪವಾಗದಂತೆ ನೋಡಿಕೊಳ್ಳುವ ಉಪಾಯವನ್ನು ಕಾಲುವೆಯ ಕೆಳಗಿನ ಗರಸಿನ ಪದರವು ಈ ಸೀಮೆಯಲ್ಲಿಯೇ ತೋರಿಸಿಕೊಟ್ಟಿದೆ. ರೈತ ಹೊಲದ ಹದ ನೋಡಿ ಬಿತ್ತುತ್ತಾನೆ. ಅದೇ ನೆಲದಲ್ಲಿ ಬಂಡವಾಳ ಹೂಡುವ ಉದ್ಯಮಿಯೂ ಹದ ನೋಡಿಯೇ ಕಟ್ಟಿಸಬೇಕು.